ಸೈಕಲ್ ಪವರ್ ಮೀಟರ್ ಖರೀದಿ: ಹಾವೇರಿ ಸೀಮೆಯವರಿಗೆ ತಜ್ಞರ ಸಲಹೆ

ಸೈಕಲ್ ತುಳಿಯುವವನಿಗೆ ತಾನು ಎಷ್ಟು ತುಳಿಯುತ್ತಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಕಾಲು ನೋಯುತ್ತದೆ, ಅಂಗಿ ತೊಯ್ಯುತ್ತದೆ, ಹಸಿವಾಗುತ್ತದೆ. ಇವೆಲ್ಲ ಲಕ್ಷಣಗಳು, ಅಳತೆಗಳಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ನಡುವೆ ತಲೆಮಾರುಗಳಿಂದ ಜನ ಹೀಗೆ ಅಂಕಿಅಂಶವಿಲ್ಲದೆ ಸೈಕಲ್ ಹೊಡೆದಿದ್ದಾರೆ. ಹಾಲು ಹಾಕಿದ್ದಾರೆ, ಹೈಸ್ಕೂಲು ಮುಗಿಸಿದ್ದಾರೆ, ಕನ್ಯೆ ನೋಡಿ ಬಂದಿದ್ದಾರೆ. ಆದರೆ ಯಾರ ಮನೆಯಲ್ಲೂ ಅದರ ಒಂದು ಗ್ರಾಫ್ ಇಲ್ಲ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರಲ್ಲಿ ಗಾಂಧೀಜಿಯ ಜೊತೆ ಸಾಬರಮತಿಯಿಂದ ದಂಡಿಯ ತನಕ ನಡೆದರು. ಹೆಜ್ಜೆ ಎಣಿಸುವ ಗಡಿಯಾರ ಕೈಯಲ್ಲಿ ಇರಲಿಲ್ಲವಾದ್ದರಿಂದ ಆ ನಡಿಗೆಗೆ ಇತಿಹಾಸದ ಸಾಕ್ಷ್ಯವೊಂದೇ ಉಳಿದಿದೆ. ಇಂಥ ನಷ್ಟ ಮತ್ತೆ ಆಗಬಾರದು ಎಂಬ ಕಳಕಳಿಯಿಂದ ಈ ಸಲಹೆ.

ಪವರ್ ಮೀಟರ್ ಎಂಬುದು ಸವಾರನ ಕಾಲಿನ ಶಕ್ತಿಯನ್ನು ವ್ಯಾಟಿನಲ್ಲಿ ಅಳೆಯುವ ಸಾಧನ. ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬೆರರ್ 1986ರಲ್ಲಿ ಇದನ್ನು ಸೈಕಲ್ಲಿಗೆ ಕೂಡಿಸಿದರು. ತತ್ವ ಸರಳ. ಪೆಡಲ್ ತುಳಿದಾಗ ಅದನ್ನು ಹಿಡಿದ ಕ್ರ್ಯಾಂಕಿನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ತೆಳ್ಳನೆಯ ತಂತಿಜಾಲವೂ ಬಾಗಿ, ಅದರ ವಿದ್ಯುತ್ ರೋಧ ಬದಲಾಗುತ್ತದೆ. ಪಿಯುಸಿಯಲ್ಲಿ ಓದಿ ಮರೆತ ವೀಟ್‌ಸ್ಟನ್ ಬ್ರಿಜ್ ಆ ಬದಲಾವಣೆಯನ್ನು ಹಿಡಿಯುತ್ತದೆ. ತಿರುಚುವ ಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟು ಸಿಗುತ್ತದೆ, ಅದು ಬ್ಲೂಟೂತಿನಲ್ಲಿ ಹ್ಯಾಂಡಲ್ ಮೇಲಿನ ಪುಟ್ಟ ಪರದೆಗೆ ಬರುತ್ತದೆ. ಸವಾರ ಪರದೆಯನ್ನು ನೋಡುತ್ತಿರಬೇಕು. ರಸ್ತೆಯನ್ನು ಎದುರಿನಿಂದ ಬರುವವರು ನೋಡಿಕೊಳ್ಳುತ್ತಾರೆ.

ಒಂದು ವ್ಯಾಟು ಎಂದರೆ ಎಷ್ಟು?

ನಮ್ಮ ಮನೆಗಳಲ್ಲಿ ಮೈಮೇಲೆ ವ್ಯಾಟು ಬರೆಸಿಕೊಂಡ ವಸ್ತುಗಳು ಮುಖ್ಯವಾಗಿ ಎರಡು: ಬಲ್ಬು ಮತ್ತು ಮಿಕ್ಸರ್. ಮಿಕ್ಸರ್ 750 ವ್ಯಾಟಿನದು. ರೂಢಿಯಿರುವ ಸಾಧಾರಣ ಸವಾರ ಒಂದು ಗಂಟೆ ಸಮನಾಗಿ ಕೊಡಬಲ್ಲದ್ದು 150 ವ್ಯಾಟಿನ ಆಸುಪಾಸು. ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಮಸಾಲೆ ರುಬ್ಬಲು ಐವರು ಸವಾರರು ಬೇಕು, ಅವರಲ್ಲಿ ಒಬ್ಬರೂ ನಡುವೆ ಚಹಾಕ್ಕೆ ಇಳಿಯಬಾರದು. ತೊಡೆಯ ದಪ್ಪಕ್ಕೆ ಹೆಸರಾದ ಜರ್ಮನಿಯ ಸೈಕಲ್ ಪಟು ರಾಬರ್ಟ್ ಫೋರ್ಸ್ಟೆಮನ್ 2015ರಲ್ಲಿ 700 ವ್ಯಾಟಿನ ಟೋಸ್ಟರಿಗೆ ಜೋಡಿಸಿದ ಸೈಕಲ್ ತುಳಿದು ಒಂದು ತುಂಡು ಬ್ರೆಡ್ ಸುಟ್ಟರು, ಸುಟ್ಟ ಮೇಲೆ ನೆಲಕ್ಕೆ ಒರಗಿದರು. ಖಡಕ್ ರೊಟ್ಟಿಗೆ ಎಷ್ಟು ಸವಾರರು ಬೇಕೆಂಬ ಸಂಶೋಧನೆ ಇನ್ನೂ ಆರಂಭವಾಗಿಲ್ಲ.

ಇನ್ನೊಂದು ಲೆಕ್ಕ. 100 ವ್ಯಾಟಿನಂತೆ ಬಿಡದೆ ಹತ್ತು ಗಂಟೆ ತುಳಿದರೆ ಒಂದು ಯೂನಿಟ್ ವಿದ್ಯುತ್ ಆಗುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು ತಿಂಗಳಿಗೆ 200 ಯೂನಿಟ್ ತನಕ ಪುಕ್ಕಟೆಯಾದ ಮೇಲೆ, ಕಾಲಿನಿಂದ ಯೂನಿಟ್ ತಯಾರಿಸುವ ಉದ್ಯಮಕ್ಕೆ ಹೆಸ್ಕಾಂ ವ್ಯಾಪ್ತಿಯಲ್ಲಿ ಭವಿಷ್ಯವಿಲ್ಲ. ಖರೀದಿಗೆ ಮುಂಚೆ ಇದನ್ನು ಮನೆಯವರಿಗೆ ತಿಳಿಸಿರುವುದು ಒಳ್ಳೆಯದು.

ರೈತರು ಶಕ್ತಿಯನ್ನು ವ್ಯಾಟಿನಲ್ಲಿ ಮಾತಾಡುವುದಿಲ್ಲ, ಎಚ್‌ಪಿಯಲ್ಲಿ ಮಾತಾಡುತ್ತಾರೆ. ಒಂದು ಎಚ್‌ಪಿಗೆ 746 ವ್ಯಾಟು. ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರಗಳನ್ನು ಮಾರಲು ಗಾಣದ ಕುದುರೆಗೆ ಲೆಕ್ಕ ಕಟ್ಟಿ ಈ ಮಾನವನ್ನು ಮಾಡಿದ. ಆತ ದೀಪಾವಳಿಯ ಹೊತ್ತಿಗೆ ಹಾವೇರಿಗೆ ಬಂದಿದ್ದರೆ ಕುದುರೆಯ ಗೊಡವೆಗೆ ಹೋಗುತ್ತಿರಲಿಲ್ಲ. ಹೋರಿ ಹಬ್ಬದಲ್ಲಿ ನಾಲ್ಕೂವರೆ ಕ್ವಿಂಟಲ್ ತೂಗುವ ಹೋರಿಯೊಂದು ಮೂರು ಸೆಕೆಂಡಿನಲ್ಲಿ ಸೆಕೆಂಡಿಗೆ ಎಂಟು ಮೀಟರ್ ವೇಗಕ್ಕೆ ಏರಿತೆಂದು ಇಟ್ಟುಕೊಂಡರೆ, ಆ ಮೂರು ಸೆಕೆಂಡಿನ ಸರಾಸರಿ 4,800 ವ್ಯಾಟು, ಅಂದರೆ ಆರು ಎಚ್‌ಪಿಗೂ ಮಿಗಿಲು. ಐದು ಎಚ್‌ಪಿಯ ಬೋರ್‌ವೆಲ್ ಮೋಟರಿಗಿಂತ ಹೆಚ್ಚು, ತ್ರೀಫೇಸ್ ಕಾಯುವ ಪ್ರಮೇಯವಿಲ್ಲ. ಹೋರಿಗೆ ಅಭಿಮಾನಿ ಬಳಗವಿದೆ, ಫ್ಲೆಕ್ಸ್ ಇದೆ. ಪವರ್ ಮೀಟರ್ ಮಾತ್ರ ಇಲ್ಲ. ಅದರ ಸಾಮರ್ಥ್ಯವನ್ನು, ಓಡುವಾಗ ಜನ ಕಿತ್ತುಕೊಳ್ಳಲು ನೋಡುವ ಕೊರಳಿನ ಕೊಬ್ಬರಿ ಉಳಿಯಿತೋ ಹೋಯಿತೋ ಎಂಬುದರಿಂದ ಅಳೆಯುತ್ತಾರೆ. ಈ ವಿಧಾನದಲ್ಲಿ ಶೇಕಡಾ ಒಂದರ ಹೆಚ್ಚುಕಡಿಮೆಗೂ ಅವಕಾಶವಿಲ್ಲ, ಆದ್ದರಿಂದ ಇದನ್ನು ವೈಜ್ಞಾನಿಕ ಎನ್ನಲಾಗದು.

ಎಲ್ಲಿ ಕೂಡಿಸಬೇಕು?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಜಾತಿಯ ಮೀಟರುಗಳಿವೆ.

ಮೊದಲನೆಯದು ಕ್ರ್ಯಾಂಕಿನದು. ಇದರಲ್ಲಿ ಅಗ್ಗದ್ದು ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ಕೂಡು ಕುಟುಂಬದಲ್ಲಿ ಅಣ್ಣ ದುಡಿದದ್ದನ್ನು ತಮ್ಮನ ಹೆಸರಿಗೂ ಬರೆದಂತೆ, ಬಲಗಾಲು ಸುಮ್ಮನಿದ್ದರೂ ಅದಕ್ಕೆ ಸಮಪಾಲು ಸಿಗುತ್ತದೆ. ಅಪ್ಪನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುವ ಹುಡುಗರಿಗೆ ಇದನ್ನು ಶಿಫಾರಸು ಮಾಡಲಾಗದು. ಅವರ ಎರಡು ಕಾಲುಗಳ ನಡುವಿನ ಲೆಕ್ಕವನ್ನು ಯಾವ ಕಂಪನಿಯೂ ಇನ್ನೂ ಬಿಡಿಸಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ದೊಡ್ಡ ಸೈಕಲ್ಲುಗಳ ಕ್ರ್ಯಾಂಕನ್ನು ಹಿಡಿದಿರುವುದು ಕಾಟರ್ ಪಿನ್ನು. ಅದು ಸವೆದಾಗ ಪ್ರತಿ ಸುತ್ತಿಗೂ ಕಾಲಿನಡಿ ಕಟ್ಟಕ್ ಎನ್ನುತ್ತದೆ. ಈಗಿನ ಪವರ್ ಮೀಟರ್ ಕ್ರ್ಯಾಂಕುಗಳು ಕಾಟರ್ ಪಿನ್ನಿನ ಅಚ್ಚಿಗೆ ಕೂರುವುದಿಲ್ಲ. ಕೂರಿಸಬಹುದೇ ಎಂದು ಸೈಕಲ್ ಅಂಗಡಿಯಲ್ಲಿ ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: “ಸುತ್ಗಿ ತಗೊಂಡ್ ಬಡದ್ರ ಎಲ್ಲಾ ಕುಂದರ್ತಾವ್ರಿ ಸರ. ಆಮ್ಯಾಲ ತಗ್ಯಾಕ್ ಬರಂಗಿಲ್ಲ, ಅಷ್ಟ.” ತಾಂತ್ರಿಕವಾಗಿ ಇದು ಸರಿಯಾದ ಮಾತು.

ಎರಡನೆಯದು ಪೆಡಲಿನದು. ಇದು ಎರಡು ಕಾಲನ್ನೂ ಬೇರೆಬೇರೆ ಅಳೆದು, ಎಡ 49, ಬಲ 51 ಎಂದು ಶೇಕಡಾವಾರು ತೋರಿಸುತ್ತದೆ. ಎಡಗಾಲು ಶೇಕಡಾ ಒಂದರಷ್ಟು ಮೈಗಳ್ಳ ಎಂದು ಗೊತ್ತಾದ ಮೇಲೆ ಏನು ಮಾಡಬೇಕೆಂಬುದು ಕೈಪಿಡಿಯಲ್ಲಿಲ್ಲ. ಎಡ ಪೆಡಲಿನ ಥ್ರೆಡ್ಡು ಉಲ್ಟಾ ಎಂಬುದನ್ನು ಮರೆತು ಸ್ಪ್ಯಾನರ್ ಹಾಕಿದರೆ ಮೀಟರ್ ಕೂಡಿಸುವ ಹೊತ್ತಿಗೇ ಗರಿಷ್ಠ ವ್ಯಾಟು ಖರ್ಚಾಗುತ್ತದೆ. ಈ ಪೆಡಲುಗಳಿಗೆ ಅಡಿಯಲ್ಲಿ ಕೊಕ್ಕೆಯಿರುವ ವಿಶೇಷ ಬೂಟು ಬೇಕು. ಹವಾಯಿ ಚಪ್ಪಲಿಗೆ ಹೊಂದುವ ಮಾದರಿ ಬರುವ ತನಕ ಹಾವೇರಿ ಜಿಲ್ಲೆಯ ಬಹುಪಾಲು ಸವಾರರು ಕಾಯಬೇಕು.

ಮೂರನೆಯದು ಹಿಂದಿನ ಗಾಲಿಯ ಹಬ್ಬಿನೊಳಗೆ ಕೂರುವಂಥದ್ದು. ಇವುಗಳಲ್ಲಿ ಸಾಮಾನ್ಯವಾಗಿ 24, 28 ಇಲ್ಲವೇ 32 ತೂತುಗಳಿರುತ್ತವೆ. ನಮ್ಮ ದೊಡ್ಡ ಸೈಕಲ್ಲಿನ ಹಿಂದಿನ ಗಾಲಿಗೆ 40 ಕಡ್ಡಿ. ಹಬ್ಬು ಕೂಡಿಸಿದ ಮೇಲೆ ಕನಿಷ್ಠ ಎಂಟು ಕಡ್ಡಿ ಕೈಯಲ್ಲಿ ಮಿಕ್ಕುತ್ತವೆ. ಕ್ಯಾರಿಯರ್ ಮೇಲೆ ಗೊಬ್ಬರದ ಚೀಲ ಹೇರುವ ಯೋಚನೆಯಿದ್ದರೆ ಆ ಎಂಟು ಕಡ್ಡಿಗಳನ್ನು ಎಸೆಯಬೇಡಿ.

ಸೊನ್ನೆ ಮಾಡುವುದು

ಪ್ರತಿ ಸವಾರಿಗೆ ಮುನ್ನ, ಪೆಡಲಿನ ಮೇಲೆ ಕಾಲಿಡದೆ, ಮೀಟರನ್ನು ಸೊನ್ನೆಗೆ ತರಬೇಕು. ಬಿಸಿಲಿಗೆ ಲೋಹ ಹಿಗ್ಗಿದಾಗ ಸ್ಟ್ರೇನ್ ಗೇಜ್ ತಾನಾಗಿಯೇ ಒಂದಷ್ಟು ವ್ಯಾಟನ್ನು ಕಲ್ಪಿಸಿಕೊಳ್ಳುತ್ತದೆ. ಪಡಸಾಲೆಯಲ್ಲಿ ಜೋಳದ ಚೀಲಕ್ಕೆ ಒರಗಿಸಿಟ್ಟ ಸೈಕಲ್ಲನ್ನು ಏಪ್ರಿಲ್ ಬಿಸಿಲಿಗೆ ತಂದ ತಕ್ಷಣ ಸೊನ್ನೆ ಮಾಡಬಾರದು. ಹೊರಗಿನ ಹವೆಗೆ ಅದು ಹೊಂದಿಕೊಳ್ಳುವ ತನಕ ಪಕ್ಕದಲ್ಲಿ ನಿಂತಿರಬೇಕು. ನಿಂತಷ್ಟು ಹೊತ್ತಿನಲ್ಲಿ ಬಸ್ಸು ಬಂದರೆ ಹತ್ತಬಾರದು.

ಬ್ಯಾಡಗಿ ಎಪಿಎಂಸಿಗೆ ಮಾಲು ತರುವ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ತೂಕಕ್ಕೆ ಮೊದಲು ಕಾಟಾ ಸೊನ್ನೆಯಲ್ಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವುದು ಅವರಿಗೆ ರೂಢಿ. ಬ್ಯಾಡಗಿಗೆ ಅಳತೆಯೇನೂ ಹೊಸದಲ್ಲ. ಡಬ್ಬಿ, ಕಡ್ಡಿ ಎಂಬ ತಳಿಗಳ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಇದರಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಆಸ್ಟಾ ಎಂಬ ಅಮೆರಿಕದ ಮಾನದಲ್ಲಿ ಅಳೆಯುತ್ತಾರೆ. ಮೆಣಸಿನಕಾಯಿಯ ಬಣ್ಣಕ್ಕೇ ಅಂಕಿ ಇರುವ ಊರಿನಲ್ಲಿ ಅದನ್ನು ಹೊತ್ತು ತಂದವನ ಕಾಲಿಗೆ ಅಂಕಿ ಇಲ್ಲದಿರುವುದು ಸಮಂಜಸವಲ್ಲ. ಅಂದಹಾಗೆ ವಹಿವಾಟಿನ ದಿನಗಳಾದ ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ಬಳಿ ಪರೀಕ್ಷಾ ಸವಾರಿ ಬೇಡ. ಘಾಟಿಗೆ ಸೀನು ಬಂದಾಗಲೆಲ್ಲ ಗ್ರಾಫಿನಲ್ಲಿ ಗೋಪುರಗಳು ಏಳುತ್ತವೆ, ವಿಶ್ಲೇಷಕರು ಅವನ್ನು ಸ್ಪ್ರಿಂಟ್ ಎಂದು ಭಾವಿಸುತ್ತಾರೆ.

ವ್ಯಾಟಿಗೆ ಹೇಳಿ ಮಾಡಿಸಿದ ಜಿಲ್ಲೆ

ಪವರ್ ಮೀಟರಿನ ಪರವಾಗಿ ತಜ್ಞರು ಹೇಳುವ ದೊಡ್ಡ ಮಾತು ಇದು: ವೇಗ ಸುಳ್ಳು ಹೇಳುತ್ತದೆ, ವ್ಯಾಟು ಹೇಳುವುದಿಲ್ಲ. ಗಾಳಿ ಹಿಂದಿನಿಂದ ಬಂದರೆ ಸೋಮಾರಿಯೂ ವೇಗವಾಗಿ ಹೋಗುತ್ತಾನೆ. ಗಾಳಿಯಿಲ್ಲದ ದಿನವೂ ವೇಗ ದುಪ್ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆಷಾಢದಲ್ಲಿ ಪಡುವಣ ಗಾಳಿ ಬೀಸುವಾಗ ರಾಣೆಬೆನ್ನೂರಿನಿಂದ ಹಾವೇರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಬರುವವನು ಇಡೀ ದಾರಿ ತುಳಿದರೂ ಪಕ್ಕದಲ್ಲಿ ನಡೆಯುವ ಎಮ್ಮೆ ಹಿಂದೆ ಬೀಳುವುದಿಲ್ಲ. ಮೀಟರ್ ಇಲ್ಲದವನು ಇದನ್ನು ಸೋಲು ಎಂದುಕೊಳ್ಳುತ್ತಾನೆ. ಮೀಟರ್ ಇದ್ದವನು 220 ವ್ಯಾಟು ಎಂದು ಬರೆದುಕೊಳ್ಳುತ್ತಾನೆ.

ಈ ತತ್ವವನ್ನು ಕೊನೆಯ ತನಕ ಬೆಳೆಸಿದರೆ ನಮ್ಮ ಜಿಲ್ಲೆಯ ಮಹತ್ವ ತಿಳಿಯುತ್ತದೆ. ಮಳೆಗಾಲದಲ್ಲಿ ಎರೆ ಹೊಲದ ದಾರಿಗೆ ಇಳಿದರೆ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ನಿಲ್ಲುವುದಕ್ಕೆ ಬರುತ್ತದೆ. ವೇಗ ಇಳಿದರೂ, ಗಾಲಿ ತಿರುಗುತ್ತಿರುವ ತನಕ ವ್ಯಾಟು ಏರಿಯೇ ಇರುತ್ತದೆ. ಗೋವಿನಜೋಳದ ಸುಗ್ಗಿಯಲ್ಲಿ ಅರ್ಧ ರಸ್ತೆಯ ಮೇಲೆ ತೆನೆ, ಕಾಳು ಹರಡಿರುತ್ತಾರೆ. ಕಾಳಿನ ಮೇಲೆ ಗಾಲಿ ಉರುಳಿಸಲು ಡಾಂಬರಿಗಿಂತ ಹೆಚ್ಚು ಶಕ್ತಿ ಬೇಕು, ಕಾಳಿನ ಒಡೆಯ ಓಡಿ ಬಂದಾಗ ಇನ್ನೂ ಹೆಚ್ಚು ಶಕ್ತಿ ಬೇಕು. ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ರಾಂಗ್ ಸೈಡಿನಿಂದ ಬಂದರೆ ಗರಿಷ್ಠ ವ್ಯಾಟಿನ ವೈಯಕ್ತಿಕ ದಾಖಲೆ ತಾನಾಗಿ ನಿರ್ಮಾಣವಾಗುತ್ತದೆ. ನುಣುಪು ರಸ್ತೆ ಹುಡುಕಿಕೊಂಡು ಯುರೋಪಿಗೆ ಹೋಗುವವರು ದೊಡ್ಡ ಸಂಖ್ಯೆಗಳನ್ನು ಊರಲ್ಲೇ ಬಿಟ್ಟು ಹೋಗುತ್ತಿದ್ದಾರೆ.

ಇನ್ನು ಚೈನಿನ ವಿಚಾರ. ಎಣ್ಣೆ ಕಂಡ, ಸ್ವಚ್ಛವಾದ ಚೈನು ಕಾಲು ಕೊಟ್ಟ ಶಕ್ತಿಯಲ್ಲಿ ನೂರಕ್ಕೆ 97 ಭಾಗವನ್ನಾದರೂ ಗಾಲಿಗೆ ಮುಟ್ಟಿಸುತ್ತದೆ. ತುಕ್ಕು ಹಿಡಿದ ಚೈನು ಅಷ್ಟು ಮುಟ್ಟಿಸುವುದಿಲ್ಲ. ಆದರೆ ಕ್ರ್ಯಾಂಕು, ಪೆಡಲಿನ ಮೀಟರುಗಳು ಶಕ್ತಿಯನ್ನು ಅಳೆಯುವುದು ಚೈನಿಗಿಂತ ಮೊದಲು. ಚೈನು ತಿಂದದ್ದೂ ಸವಾರನ ಖಾತೆಗೇ ಜಮಾ ಆಗುತ್ತದೆ. ಹವಾ ಇಳಿದ ಟ್ಯೂಬು, ರಿಮ್ಮಿಗೆ ಉಜ್ಜುವ ಬ್ರೇಕ್ ಕಟ್ಟೆ, ಸೊಟ್ಟ ಗಾಲಿ ಇವುಗಳಿಗೂ ಇದೇ ನಿಯಮ. ಅದೇ ವೇಗಕ್ಕೆ ಹೆಚ್ಚು ವ್ಯಾಟು ಬೇಕೆಂದರೆ ಸೈಕಲ್ಲನ್ನು ರಿಪೇರಿ ಮಾಡಿಸದಿರುವುದೇ ಅತ್ಯಂತ ಅಗ್ಗದ ತರಬೇತಿ.

ಇಪ್ಪತ್ತು ನಿಮಿಷದ ಪರೀಕ್ಷೆ

ಮೀಟರ್ ಕೊಂಡವನು ಎಫ್‌ಟಿಪಿ ಪರೀಕ್ಷೆಗೆ ಕೂರಲೇಬೇಕು. ಒಂದು ಗಂಟೆ ಎಡೆಬಿಡದೆ ಕೊಡಬಲ್ಲ ಗರಿಷ್ಠ ಸರಾಸರಿ ಶಕ್ತಿಗೆ ಎಫ್‌ಟಿಪಿ ಎನ್ನುತ್ತಾರೆ. ಒಂದು ಗಂಟೆ ಯಾರಿಗೂ ಬೇಡವಾದ್ದರಿಂದ ಇಪ್ಪತ್ತು ನಿಮಿಷ ಜೀವ ಬಿಟ್ಟು ತುಳಿದು, ಬಂದದ್ದನ್ನು 0.95ರಿಂದ ಗುಣಿಸುತ್ತಾರೆ. ಅದನ್ನು ದೇಹದ ತೂಕದಿಂದ ಭಾಗಿಸಿದರೆ ಸವಾರನ ಯೋಗ್ಯತೆ ಬರುತ್ತದೆ. ಯೋಗ್ಯತೆ ಹೆಚ್ಚಿಸಿಕೊಳ್ಳಲು ಎರಡು ದಾರಿ: ವ್ಯಾಟು ಏರಿಸುವುದು, ತೂಕ ಇಳಿಸುವುದು. ತೂಕ ಕೇಳಿದಾಗ ಮದುವೆಗೆ ಮುಂಚಿನದನ್ನು ಹೇಳುವುದು ಮೂರನೆಯ ದಾರಿ, ಹೆಚ್ಚು ಬಳಕೆಯಲ್ಲಿರುವುದು ಇದೇ.

ಹಾವೇರಿಯಿಂದ ಮೋಟೆಬೆನ್ನೂರಿನ ಕಡೆಗೆ ಈ ಪರೀಕ್ಷೆ ಮಾಡಬಹುದು. ನಡುವೆ ಎಲ್ಲೂ ನಿಲ್ಲಬಾರದು ಎಂಬುದೊಂದೇ ನಿಯಮ. ಚಹಾದಂಗಡಿಯಿಂದ “ಏ ಬರ್ರೀ ಕಾಕಾ, ಚಾ ಕುಡದ್ ಹೋಗ್ರಿ” ಎಂಬ ಕರೆ ಬಂದೇ ಬರುತ್ತದೆ. ನಿಂತರೆ ಸರಾಸರಿ ಕೆಡುತ್ತದೆ, ನಿಲ್ಲದಿದ್ದರೆ ಸಂಬಂಧ ಕೆಡುತ್ತದೆ. ಮರುದಿನವೇ “ಕಾಕಾಗ ಮಷಿನ್ ಬಂದೈತಿ, ಈಗ ಮಂದಿ ಕಾಣಂಗಿಲ್ಲ” ಎಂಬ ಸುದ್ದಿ ನಿಮಗಿಂತ ಮೊದಲು ಬ್ಯಾಡಗಿ ಮುಟ್ಟಿರುತ್ತದೆ. ಅನುಭವಿಗಳು ಪರೀಕ್ಷೆಯನ್ನು ನಸುಕಿನ ನಾಲ್ಕಕ್ಕೆ ಇಟ್ಟುಕೊಳ್ಳುತ್ತಾರೆ. ಆಗ ಕರೆಯುವವರು ಇರುವುದಿಲ್ಲ, ಅಟ್ಟಿಸಿಕೊಂಡು ಬರುವ ನಾಯಿಗಳಿಂದ ಫಲಿತಾಂಶವೂ ಸುಧಾರಿಸುತ್ತದೆ.

ಪರೀಕ್ಷೆಯ ನಂತರದ ಆಹಾರಕ್ಕೂ ವಿಜ್ಞಾನವಿದೆ. ಮನುಷ್ಯನ ದೇಹ ತಿಂದದ್ದರಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಪೆಡಲಿಗೆ ಕೊಡುತ್ತದೆ. ಹಾಗಾಗಿ ಮೀಟರ್ ತೋರಿಸುವ ಒಂದು ಕಿಲೋಜೂಲಿಗೆ ಸರಿಸುಮಾರು ಒಂದು ಕಿಲೋಕ್ಯಾಲರಿ ತಿಂದಿರಬೇಕು. 100 ವ್ಯಾಟಿನಂತೆ ಒಂದು ಗಂಟೆಗೆ 360. ಒಂದು ಪ್ಲೇಟು ಗಿರ್ಮಿಟ್ಟು, ಮೇಲೆ ಎರಡು ಮಿರ್ಚಿ ತೆಗೆದುಕೊಂಡರೆ ಲೆಕ್ಕ ಚುಕ್ತಾ. ಮೂರನೆಯ ಮಿರ್ಚಿಗೆ ವಾಪಸು ಸವಾರಿಯ ಆಧಾರವಿರಬೇಕು.

ದೇಶಿ ಮೀಟರುಗಳ ತೌಲನಿಕ ವಿಮರ್ಶೆ

ಒಳ್ಳೆಯ ಮೀಟರುಗಳ ನಿಖರತೆ ಶೇಕಡಾ ಒಂದರ ಆಸುಪಾಸು. 200 ವ್ಯಾಟಿನಲ್ಲಿ ಎರಡು ವ್ಯಾಟು ಅತ್ತಿತ್ತ. ಈ ಎರಡು ವ್ಯಾಟಿಗಾಗಿ ಜನ ಇಪ್ಪತ್ತೈದು ಸಾವಿರದ ಮೀಟರ್ ಬಿಟ್ಟು ಎಪ್ಪತ್ತು ಸಾವಿರದ್ದನ್ನು ಕೊಳ್ಳುತ್ತಾರೆ. ಇವಕ್ಕೆ ಹೋಲಿಸಬೇಕಾದ ದೇಶಿ ಮೀಟರುಗಳಲ್ಲಿ ಮೊದಲನೆಯದು, ಹಳೆಯ ಸೈಕಲ್ಲುಗಳ ಟೈರಿಗೆ ಒರಗಿ ತಿರುಗುತ್ತಿದ್ದ 6 ವೋಲ್ಟಿನ 3 ವ್ಯಾಟಿನ ಡೈನಮೋ. ಅದನ್ನು ಒತ್ತಿದರೆ ಸೈಕಲ್ ಭಾರವಾಗುತ್ತಿತ್ತು, ಮುಂದೆ ದೀಪ ಹತ್ತುತ್ತಿತ್ತು. ಜೋರಾಗಿ ತುಳಿದರೆ ಜೋರಾಗಿ, ನಿಧಾನವಾದರೆ ಮಂಕಾಗಿ. ಬ್ಯಾಟರಿ ಬೇಡ, ಸೊನ್ನೆ ಮಾಡಬೇಕಿಲ್ಲ, ಫಲಿತಾಂಶ ಎದುರಿನವರಿಗೂ ಕಾಣುತ್ತಿತ್ತು. ಬ್ಲೂಟೂತ್ ಇರಲಿಲ್ಲ. ಆ ಒಂದು ಕಾರಣಕ್ಕೆ ಅಂಕ ಕಳೆಯಲಾಗಿದೆ.

ಹಮಾಲಿ: 50 ಕಿಲೋ ಚೀಲವನ್ನು ಒಂದೂವರೆ ಮೀಟರ್ ಎತ್ತರಕ್ಕೆ ಎರಡು ಸೆಕೆಂಡಿನಲ್ಲಿ ಏರಿಸಿದರೆ ಅಷ್ಟು ಹೊತ್ತು 367 ವ್ಯಾಟು. ಸೀಜನ್ನಿನಲ್ಲಿ ಇದನ್ನು ದಿನವಿಡೀ ಮಾಡುತ್ತಾರೆ. ಲೆಕ್ಕವನ್ನು ಚೀಲದಲ್ಲಿ ಇಡುತ್ತಾರೆ, ವ್ಯಾಟಿನಲ್ಲಿ ಅಲ್ಲ.

ಹಾಲಿನವರು: ಆಳು, ಸೈಕಲ್, ಎರಡೂ ಕಡೆಯ ಕ್ಯಾನು ಸೇರಿ 160 ಕಿಲೋ. ಗಂಟೆಗೆ 12 ಕಿಲೋಮೀಟರಿನಂತೆ ನೂರಕ್ಕೆ ಮೂರರ ಏರು ಹತ್ತಲು 200 ವ್ಯಾಟಿಗೂ ಹೆಚ್ಚು ಬೇಕು. ಹಾಲು ತುಳುಕಬಾರದು ಎಂಬ ಹೆಚ್ಚುವರಿ ಷರತ್ತು ಯುರೋಪಿನ ಯಾವ ಸ್ಪರ್ಧೆಯಲ್ಲೂ ಇಲ್ಲ.

ಎಂಟನೇ ತರಗತಿಯವರು: ರಾಜ್ಯ ಸರ್ಕಾರ 2006-07ರಿಂದ ಹೈಸ್ಕೂಲಿಗೆ ಕಾಲಿಟ್ಟ ಮಕ್ಕಳಿಗೆ ಸೈಕಲ್ ಕೊಟ್ಟಿತು, ಕೋವಿಡ್ ಕಾಲದಲ್ಲಿ ಅದು ನಿಂತಿತು. ಕ್ಯಾರಿಯರ್ ಮೇಲೆ ಗೆಳತಿ, ಹ್ಯಾಂಡಲಿಗೆ ಎರಡು ಪಾಟಿಚೀಲ ಹಾಕಿಕೊಂಡು ಪಕ್ಕದೂರಿನ ಶಾಲೆಗೆ ಹೋಗಿಬಂದ ಹುಡುಗಿಯರ ವ್ಯಾಟು ಎಲ್ಲೂ ದಾಖಲಾಗಿಲ್ಲ. ಹಾಜರಿ ಪುಸ್ತಕದಲ್ಲಿ ಹಾಜರಿ ಮಾತ್ರ ಇದೆ.

ಈ ಎಲ್ಲ ದೇಶಿ ಪದ್ಧತಿಗಳಲ್ಲಿ ಸಮಾನವಾದ ದೋಷವೊಂದಿದೆ. ಇವುಗಳಿಂದ ಕೆಲಸ ಆಯಿತೋ ಇಲ್ಲವೋ ಎಂಬುದು ಮಾತ್ರ ತಿಳಿಯುತ್ತದೆ. ಯಾವ ಕೆಲಸವೂ ಆಗದೆ ಎಷ್ಟು ಶಕ್ತಿ ಖರ್ಚಾಯಿತು ಎಂಬುದನ್ನು ನಿಖರವಾಗಿ ತಿಳಿಯಲು ಪವರ್ ಮೀಟರೇ ಬೇಕು.

ತೀರ್ಪು

ರೇಸಿಗೆ ಇಳಿಯುವವರು, ವಿಜಯಪುರ, ಬಾಗಲಕೋಟೆ ಕಡೆಯ ಕ್ರೀಡಾ ವಸತಿ ನಿಲಯಗಳಲ್ಲಿ ತರಬೇತಿ ಪಡೆಯುವ ಹುಡುಗ ಹುಡುಗಿಯರು ಎರಡೂ ಕಾಲು ಅಳೆಯುವ ಪೆಡಲ್ ಮೀಟರ್ ಕೊಳ್ಳಲಿ, ಅವರಿಗೆ ಅದರಿಂದ ನಿಜವಾದ ಉಪಯೋಗವಿದೆ. ಭಾನುವಾರ ಮಾತ್ರ ಹೊರಡುವವರಿಗೆ ಎಡಗಾಲಿನದು ಸಾಕು. ಸೈಕಲ್ಲೇ ಇಲ್ಲದವರು ಮೊದಲು ಮೀಟರ್ ಕೊಂಡು ಆಮೇಲೆ ಅದಕ್ಕೆ ಹೊಂದುವ ಸೈಕಲ್ ನೋಡುವುದು ಈಗಿನ ಪದ್ಧತಿ.

ಯಾವುದನ್ನು ಕೊಳ್ಳುವ ಮುಂಚೆಯೂ ಒಮ್ಮೆ ಗಾಲಿಗೆ ಹವಾ ತುಂಬಿಸಿ, ಚೈನಿಗೆ ಎಣ್ಣೆ ಹಾಕಿಸಿ, ಕಾಟರ್ ಪಿನ್ನು ಬದಲಾಯಿಸಿ. ಎಲ್ಲ ಸೇರಿ ಮೀಟರಿನ ಬೆಲೆಯ ನೂರರಲ್ಲೊಂದು ಪಾಲೂ ಆಗುವುದಿಲ್ಲ. ಹಾಗೆ ಮಾಡಿದರೆ ವ್ಯಾಟು ಕಡಿಮೆಯಾಗುತ್ತದೆ, ಬ್ಯಾಡಗಿ ಬೇಗ ಬರುತ್ತದೆ. ಎರಡರಲ್ಲಿ ನಿಮಗೆ ಬೇಕಾದದ್ದು ಯಾವುದೆಂದು ತೀರ್ಮಾನಿಸಿಕೊಂಡೇ ಅಂಗಡಿಗೆ ಹೋಗಿ.